‘ಚಾರ್ಜ್ ಹತ್ತವಲ್ದು’: ಹತ್ತು, ಏರು, ನಿಲ್ಲು

ಪ್ರಶ್ನೆ: ದಾವಣಗೆರೆ ಕಡೆ ‘ಫೋನ್ ಚಾರ್ಜ್ ಹತ್ತವಲ್ದು’ ಅನ್ನುತ್ತಾರೆ. ‘ಹತ್ತು’ ಎಂದರೆ ಮೇಲೇರುವುದಲ್ಲವೆ? ಕೈಪಿಡಿಯಲ್ಲಿ ಇದನ್ನು ‘ಚಾರ್ಜ್ ಆಗುತ್ತಿಲ್ಲ’ ಎಂದು ತಿದ್ದಬೇಕೆ?

ಉತ್ತರ: ದಯವಿಟ್ಟು ತಿದ್ದಬೇಡಿ. ಇಲ್ಲಿ ‘ಹತ್ತು’ ಬಸ್ ಹತ್ತುವ ಅರ್ಥದಲ್ಲಿಲ್ಲ. ತಗಲು, ಅಂಟು, ಹಿಡಿ ಎಂಬ ಅರ್ಥದಲ್ಲಿದೆ. ಒಲೆ ಹತ್ತಿತು, ಹಾಲು ತಳ ಹತ್ತಿತು, ನಿದ್ದೆ ಹತ್ತಿತು ಎನ್ನುವಾಗಿನ ಹತ್ತು ಇದೇ, ಹಳಗನ್ನಡದಲ್ಲಿ ಪತ್ತು. ಕೊನೆಯ ‘ವಲ್ದು’ ಎಂಬುದು ಒಲ್ಲದು. ‘ಹತ್ತುತ್ತಿಲ್ಲ’ ಎಂದರೆ ಬರೀ ಇಲ್ಲ ಎಂದಷ್ಟೇ. ‘ಹತ್ತವಲ್ದು’ ಎಂದರೆ ಚುಚ್ಚಿ, ತೆಗೆದು, ತಿರುಗಿಸಿ ಚುಚ್ಚಿ ನೋಡಿದರೂ ಒಲ್ಲೆ ಅನ್ನುತ್ತಿದೆ ಎಂದು.

ಇದರ ಜೊತೆಗೆ ‘ಏರವಲ್ದು’, ‘ನಿಲ್ಲವಲ್ದು’ ಎಂಬ ಮಾತುಗಳೂ ಇವೆ. ಮೂರೂ ಬೇರೆ ಬೇರೆ ದೋಷಗಳು. ‘ಆಗುತ್ತಿಲ್ಲ’ ಎಂದುಬಿಟ್ಟರೆ ಯಾವುದೆಂದು ತಿಳಿಯುವುದೇ ಇಲ್ಲ.

ಹತ್ತವಲ್ದು: ವೈರ್ ಚುಚ್ಚಿದರೂ ಪರದೆಯ ಮೇಲೆ ಮಿಂಚಿನ ಗುರುತೇ ಬರುವುದಿಲ್ಲ. ಹೆಚ್ಚಿನ ಸಲ ಕಾರಣ ಕಸ. ಜೇಬಿನ ನೂಲಿನ ಎಳೆ, ಮಂಡಕ್ಕಿ ಭಟ್ಟಿಯ ಧೂಳು ಪಿನ್ ತೂತಿನೊಳಗೆ ಸೇರುತ್ತದೆ. ಪ್ರತಿ ಸಲ ಚುಚ್ಚಿದಾಗಲೂ ಒತ್ತಿ ಒತ್ತಿ ತಳದಲ್ಲಿ ಗಟ್ಟಿ ಬಿಲ್ಲೆಯಾಗುತ್ತದೆ. ಆಗ ಪಿನ್ ಕೊನೆತನಕ ಹೋಗದು, ‘ಟಕ್’ ಅನ್ನದು, ಕೈ ಬಿಟ್ಟರೆ ಅಲ್ಲಾಡುತ್ತದೆ. ಫೋನ್ ಆಫ್ ಮಾಡಿ, ಟಾರ್ಚ್ ಹಿಡಿದು, ತುದಿ ತೆಳ್ಳಗೆ ಕೆರೆದ ಮರದ ಹಲ್ಲುಕಡ್ಡಿಯಿಂದ ಗೋಡೆಯ ಬದಿಗುಂಟ ಕಸವನ್ನು ಹೊರಗೆಳೆಯಬೇಕು. ಟೈಪ್-ಸಿ ತೂತಿನ ನಡುವೆ ನಾಲಿಗೆಯಂಥ ಪಟ್ಟಿಯಿದೆ. ಸಂಪರ್ಕದ ಗೆರೆಗಳೆಲ್ಲ ಅದರ ಮೇಲೇ ಇವೆ. ಅದನ್ನು ಮುಟ್ಟಬಾರದು. ಸೇಫ್ಟಿ ಪಿನ್ ಅಂತೂ ಬೇಡವೇ ಬೇಡ, ಗೆರೆ ಕಿತ್ತುಹೋಗುತ್ತದೆ. ಬಾಯಿಂದ ಊದಿದರೆ ಉಗುಳಿನ ತೇವ ಒಳಗಿಳಿಯುತ್ತದೆ. ಕಸವಿಲ್ಲದಿದ್ದರೆ ಮೊದಲು ವೈರ್ ಬದಲಿಸಿ ನೋಡಿ, ಆಮೇಲೆ ಅಡಾಪ್ಟರ್. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ಗೊತ್ತಾಗದು.

ಏರವಲ್ದು: ಗುರುತು ಬಂದಿದೆ, ಶೇಕಡಾವಾರು ಮಾತ್ರ ಅಲ್ಲೇ. ಇದು ಲೆಕ್ಕದ ವಿಷಯ. ಕಂಪ್ಯೂಟರಿನ ಯುಎಸ್‌ಬಿ 2.0 ತೂತಿನ ಮಾಮೂಲಿ ಮಿತಿ 5 ವೋಲ್ಟ್, 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್. 5000 ಎಂಎಎಚ್ ಬ್ಯಾಟರಿ ಸುಮಾರು 19 ವ್ಯಾಟ್-ಗಂಟೆ ಹಿಡಿಯುತ್ತದೆ. ನಷ್ಟವೇ ಇಲ್ಲವೆಂದರೂ ಸುಮಾರು 7.6 ಗಂಟೆ ಬೇಕು. ಹಾಟ್‌ಸ್ಪಾಟ್ ಹಾಕಿ ಪರದೆ ಉರಿಸುತ್ತಿದ್ದರೆ ಬಂದದ್ದು ಬಂದ ಹಾಗೇ ಖರ್ಚು. ಉದ್ದನೆಯ ತೆಳು ವೈರ್ ಇದ್ದರೂ ಹೀಗೇ. ಏಪ್ರಿಲ್-ಮೇ ಬಿಸಿಲಲ್ಲಿ ಫೋನು ಕಾದಿದ್ದರೆ ಬ್ಯಾಟರಿ ಉಳಿಸಲು ತಾನೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಕವರ್ ತೆಗೆದು ನೆರಳಲ್ಲಿಡಿ. ಫ್ರಿಜ್ಜಿನಲ್ಲಿ ಇಡಬೇಡಿ, ಒಳಗೆ ನೀರು ಕಟ್ಟುತ್ತದೆ.

ನಿಲ್ಲವಲ್ದು: ನೂರಕ್ಕೆ ಏರುತ್ತದೆ, ಮಧ್ಯಾಹ್ನಕ್ಕೆ ಖಾಲಿ. ಸೆಟ್ಟಿಂಗ್ಸಿನಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ನೋಡಿ. ಶೇ. 30 ಇದ್ದದ್ದು ಕ್ಯಾಮೆರಾ ತೆರೆದೊಡನೆ ಆಫ್ ಆದರೆ ಬ್ಯಾಟರಿ ಹಳತಾಗಿದೆ: ಒಳಗಿನ ರೋಧ (ಕರೆಂಟಿಗೆ ಅಡ್ಡಿ) ಹೆಚ್ಚಿ, ಭಾರ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತದೆ. ಬದಲಿಸುವುದೊಂದೇ ದಾರಿ.

ಕೈಪಿಡಿಯಲ್ಲಿ ‘ವಲ್ದು’ ಬೇಡವೆಂದರೆ ಹತ್ತುತ್ತಿಲ್ಲ, ಏರುತ್ತಿಲ್ಲ, ನಿಲ್ಲುತ್ತಿಲ್ಲ ಎಂದು ಮೂರು ತಲೆಬರಹ ಕೊಡಿ. ‘ಉಬ್ಬಿದೆ’ ಎಂದು ನಾಲ್ಕನೆಯದನ್ನೂ ಸೇರಿಸಿ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಮೇಲೆದ್ದಿದ್ದರೆ ಒತ್ತಬಾರದು, ಚುಚ್ಚಬಾರದು, ಚಾರ್ಜಿಗೂ ಹಾಕಬಾರದು.