ಸೂಪರ್‌ನ್ಯಾಚುರಲ್: ಎಂಟನೇ ಸೀಸನ್‌ಗೆ ಬರುವಷ್ಟರಲ್ಲಿ ಉತ್ಸಾಹವೇ ಬತ್ತಿದೆ, ಮುಂದುವರಿಸಬೇಕಾ?

ನಿಶಾಚರ:
ದೆವ್ವ-ಭೂತ ಬೇಟೆಯಾಡುವ ಅಣ್ಣತಮ್ಮಂದಿರ ಈ ಅಮೆರಿಕನ್ ಧಾರಾವಾಹಿ, ದಿನಕ್ಕೆ ಐದಾರು ಎಪಿಸೋಡ್‌ನಂತೆ ಒಂದೇ ತಿಂಗಳಲ್ಲಿ ಏಳು ಸೀಸನ್ ಮುಗಿದು, ಎಂಟರ 10ನೇ ಎಪಿಸೋಡ್‌ಗೆ ಬಂದು ನಿಂತಿದೆ. ಮೊದಲು ಎದೆ ಝಲ್ಲೆನ್ನಿಸುತ್ತಿದ್ದಂಥ ದೃಶ್ಯ ಈಗ ಬಂದರೆ ಕೈ ಮೊಬೈಲ್ ಹುಡುಕುತ್ತದೆ. ಅಣ್ಣ ಡೀನ್ ಸತ್ತರೂ ತಮ್ಮ ಸ್ಯಾಮ್ ಸತ್ತರೂ ಹೇಗಿದ್ದರೂ ವಾಪಸ್ ಬರ್ತಾರೆ ಅನ್ನೋದು ಗೊತ್ತು. ಒಟ್ಟು 327 ಎಪಿಸೋಡ್, ಇನ್ನೂ ಅರ್ಧಕ್ಕೂ ಬಂದಿಲ್ಲ. ಬಿಡಲಾ, ಅಥವಾ ಆರಿಸಿ ನೋಡಲಾ?

ಉಪ್ಪಿನಗೆರೆ:
ತಪ್ಪು ನಿಮ್ಮ ಅಭಿರುಚಿಯದ್ದಲ್ಲ, ನೋಡುವ ವೇಗದ್ದು. 2005ರಲ್ಲಿ ಶುರುವಾದ ಇದು ವಾರಕ್ಕೊಂದು ಎಪಿಸೋಡ್‌ನ ಲೆಕ್ಕದಲ್ಲಿ ಕಟ್ಟಿದ ಧಾರಾವಾಹಿ. ಸೆಪ್ಟೆಂಬರ್‌ನಲ್ಲಿ ಶುರುವಾದ ಸೀಸನ್ ಮುಗಿಯುತ್ತಿದ್ದದ್ದು ಮೇ ತಿಂಗಳಲ್ಲಿ. ಅಚ್ಚು ಹೆಚ್ಚುಕಮ್ಮಿ ಒಂದೇ: ದೀಪ ಮಿಣುಕಿ ಒಬ್ಬರು ಸಾಯುತ್ತಾರೆ, ಅಣ್ಣತಮ್ಮಂದಿರ ಕಪ್ಪು ಇಂಪಾಲಾ ಕಾರು ಬರುತ್ತದೆ, ರಾಕ್ ಸಂಗೀತಗಾರರ ಹೆಸರಿನ ನಕಲಿ ಎಫ್‌ಬಿಐ ಕಾರ್ಡ್ ಹೊರಬೀಳುತ್ತದೆ. ಆಮೇಲೆ ಹಳೇ ಪತ್ರಿಕೆ ತಿರುವಿ, ಗೋರಿ ಅಗೆದು, ಮೂಳೆಗೆ ಉಪ್ಪು ಸುರಿದು ಕಡ್ಡಿ ಗೀರುವುದು. ಆ ಕಡ್ಡಿ ಹತ್ತುವುದರೊಳಗೆ ಒಬ್ಬ ಗೋಡೆಗೆ ಹೋಗಿ ಬಡಿಯಲೇಬೇಕು. ಏಳು ದಿನ ಬಿಟ್ಟು ನೋಡಿದರೆ ಇದು ಹಳೇ ಪರಿಚಯದ ಖುಷಿ. ಒಂದೇ ಸಂಜೆ ಐದು ಸಲ ನೋಡಿದರೆ ಬರೀ ಅಚ್ಚು ಕಾಣುತ್ತದೆ.

ಇನ್ನೊಂದು ಕಾರಣ ಕಥೆಯೊಳಗೇ ಇದೆ. ಧಾರಾವಾಹಿಯ ಸೃಷ್ಟಿಕರ್ತ ಎರಿಕ್ ಕ್ರಿಪ್ಕೆ ಯೋಜಿಸಿದ್ದು ಐದು ಸೀಸನ್‌ನ ಕಥೆ. 5ರ 22ನೇ ಎಪಿಸೋಡ್‌ನಲ್ಲಿ ಅದು ನಿಜಕ್ಕೂ ಮುಗಿಯುತ್ತದೆ. ಮೊದಲ ಸೀಸನ್‌ನಲ್ಲಿ ಒಂದು ದೆವ್ವವನ್ನು ಕೊಲ್ಲಲು ಕೋಲ್ಟ್ ಎಂಬ ವಿಶೇಷ ಪಿಸ್ತೂಲೇ ಬೇಕಿತ್ತು, ಅದಕ್ಕೂ ಗುಂಡು ಎಣಿಸಿ ಇಟ್ಟಷ್ಟು. ಸೈತಾನ ಲೂಸಿಫರ್‌ನನ್ನೇ ಎದುರಿಸಿ ಬಂದವರಿಗೆ ಆಮೇಲೆ ಯಾವ ಶತ್ರು ತಂದರೂ ಭಯ ಹುಟ್ಟಿಸುವುದು ಕಷ್ಟ. ಏಳನೇ ಸೀಸನ್‌ನ ಲೆವಯಾಥನ್ ಎಂಬ ರಾಕ್ಷಸರು ಸೊರಗಿದ್ದು ಇಲ್ಲೇ.

ಎರಡು ವಾರ ಪೂರ್ತಿ ನಿಲ್ಲಿಸಿ. ಪ್ಲೇಬ್ಯಾಕ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಮುಂದಿನ ಎಪಿಸೋಡ್ ತಾನಾಗಿ ಶುರುವಾದರೆ ಕೊನೆಯ ದೃಶ್ಯದ ಕುತೂಹಲಕ್ಕೆ ಆಯಸ್ಸೇ ಇರುವುದಿಲ್ಲ. ಆಮೇಲೆ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. 'ದೆನ್' ಎಂದು ಬರುವ ಹಿಂದಿನ ಕಥೆಯನ್ನು ಸ್ಕಿಪ್ ಮಾಡಬೇಡಿ. ಇವತ್ತು ಯಾವ ಹಳೇ ಎಳೆ ಬೇಕು ಅಂತ ಅದೇ ಹೇಳುತ್ತದೆ.

ಇಂಪಾಲಾ67:
ನೀವು ನಿಂತಿರುವುದು ತೀರಾ ಕೆಟ್ಟ ಜಾಗದಲ್ಲಿ! ಇನ್ನೆರಡು ಎಪಿಸೋಡ್ ತಡೆದುಕೊಳ್ಳಿ. 12ರಲ್ಲಿ ಅಜ್ಜ ಹೆನ್ರಿ 1958ರಿಂದ ಬರುತ್ತಾನೆ, 13ರಲ್ಲಿ ಬಂಕರ್ ಸಿಗುತ್ತದೆ. ಊರೂರು ಮೋಟೆಲ್ ಸುತ್ತುತ್ತಿದ್ದ ಅಣ್ಣತಮ್ಮಂದಿರಿಗೆ ಕೊನೆಗೂ ಒಂದು ಮನೆ. ಧಾರಾವಾಹಿಯ ಲಯವೇ ಬದಲಾಗುತ್ತದೆ.

ಆರಿಸಿ ನೋಡುವುದಾದರೆ ಕಥೆಗೆ ಕೀಲಿಯಾದವನ್ನು ಬಿಡಬೇಡಿ. 9ರ ಮೊದಲನೆಯದು ಬಿಟ್ಟರೆ ಸ್ಯಾಮ್ ಯಾಕೆ ಹಾಗಾಡುತ್ತಾನೆ ತಿಳಿಯುವುದಿಲ್ಲ, 9ರ 11 ಬಿಟ್ಟರೆ ಡೀನ್ ತೋಳಿನ ಗುರುತು ಎಲ್ಲಿಂದ ಬಂತು ಅಂತ ಹತ್ತನೇ ಸೀಸನ್ ಪೂರ್ತಿ ಕೇಳುತ್ತಿರಬೇಕಾಗುತ್ತದೆ. 11ರ 4 ಇಡೀ ಕಾರಿನೊಳಗಿಂದಲೇ ಕಾಣುವ ಕಥೆ. ನನ್ನ ಲೆಕ್ಕದಲ್ಲಿ ಕೊನೆಯ ಹತ್ತು ಸೀಸನ್‌ಗಳಲ್ಲೇ ಅದು ಶ್ರೇಷ್ಠ. 13ರ 16 ಸ್ಕೂಬಿ-ಡೂ ಜೊತೆಗಿನ ಕಾರ್ಟೂನ್, ಒಂಟಿಯಾಗಿಯೂ ನೋಡಬಹುದು.

ಮಂಜುಹಾದಿ:
ಕೀಲಿ ಎಪಿಸೋಡ್ ಮಾತ್ರ ನೋಡಿ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ದೇವರು-ದೇವದೂತರ ಜಗಳವನ್ನಷ್ಟೇ ಸಾಲಾಗಿ ನೋಡಿದರೆ ಬೇಸರ ದುಪ್ಪಟ್ಟಾಗುತ್ತದೆ. ಮಧ್ಯೆ ಮಧ್ಯೆ ಬಿಡಿ ಬೇಟೆಗಳೇ ಉಸಿರಾಡಲು ಜಾಗ. ಎರಡು ಮುಖ್ಯ ಎಪಿಸೋಡ್‌ಗೆ ಒಂದು ಬಿಡಿ ಕಥೆ ಇಟ್ಟುಕೊಳ್ಳಿ.

ಬಿಡುವುದೇ ಆದರೂ ಎಂಟರ ಮಧ್ಯದಲ್ಲಿ ಬಿಡಬೇಡಿ. 5ರ 22 ಮತ್ತೊಮ್ಮೆ ಹಾಕಿ. ಇಂಪಾಲಾ ಕಾರ್ಖಾನೆಯಿಂದ ಹೊರಬಂದ ಕಥೆಯನ್ನು ಬರಹಗಾರ ಚಕ್ ಹೇಳುತ್ತಾ ಹೋಗುತ್ತಾನಲ್ಲ, ಅಲ್ಲಿಂದ. ಕೊನೆಯಲ್ಲಿ ಚಕ್ ಮಾಯವಾದ ಮೇಲೆ ಡೀನ್ ತನ್ನ ಪ್ರೇಯಸಿ ಲಿಸಾ ಮನೆಯಲ್ಲಿ ಊಟಕ್ಕೆ ಕೂತಿರುತ್ತಾನೆ. ಮುಂದಿನ ಕಥೆಗೆ ಕೊಂಡಿ ಹಾಕುವ ಆ ಬೀದಿದೀಪ ಮಿಣುಕುವ ಮೊದಲೇ ಆಫ್ ಮಾಡಿ.