ಅಲ್ಸರೇಟಿವ್ ಕೊಲೈಟಿಸ್: ಬರೀ ಗಂಜಿ ಸಾಕೇ, ಕಷಾಯ ಕೊಡಬಹುದೇ?

ಪ್ರಶ್ನೆ (ಹಾಸನದಿಂದ ಒಬ್ಬ ಅಕ್ಕ)

ನನ್ನ ತಮ್ಮನಿಗೆ 24 ವರ್ಷ. ಕಳೆದ ವರ್ಷ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾಡಿಸಿದಾಗ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುವ ಕಾಯಿಲೆ, ಎಂದು ಗೊತ್ತಾಯಿತು. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆ ನಡೆಯುತ್ತಿದ್ದು, ಮಲದಲ್ಲಿ ರಕ್ತ ಬೀಳುವುದು ನಿಂತು ಮೂರು ತಿಂಗಳಾಗಿದೆ. ಆದರೂ ಅಮ್ಮ ಭಯದಿಂದ ಅಕ್ಕಿ ಗಂಜಿ, ಬ್ರೆಡ್ಡು ಬಿಟ್ಟು ಬೇರೇನನ್ನೂ ಬಡಿಸುತ್ತಿಲ್ಲ. ಮುದ್ದೆ, ಸೊಪ್ಪಿನ ಸಾರು, ಮೊಸರು ಎಲ್ಲವೂ ನಿಂತಿವೆ. ಅವನು ಏಳು ಕೆ.ಜಿ. ಇಳಿದಿದ್ದಾನೆ. ರೋಗನಿರೋಧಕ ಶಕ್ತಿ ಕುಂದಿದ್ದರಿಂದಲೇ ಹೀಗಾಗಿದೆಯೆಂದು ನೆಂಟರೊಬ್ಬರು ಹೇಳಿದ ಮೇಲೆ ದಿನವೂ ಅಮೃತಬಳ್ಳಿ ಕಷಾಯ ಶುರುವಾಗಿದೆ. ಇದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1 (ಆಹಾರತಜ್ಞೆ)

ಈ ರೋಗದಲ್ಲಿ ನಿರೋಧಕ ಶಕ್ತಿ ಕುಂದಿರುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯಬೇಕಾದ ನಿರೋಧಕ ಜೀವಕೋಶಗಳೇ ದೊಡ್ಡ ಕರುಳಿನ ಒಳಪದರದ ಮೇಲೆ ತಿರುಗಿಬಿದ್ದಿರುತ್ತವೆ. ಆದ್ದರಿಂದ ಆ ಶಕ್ತಿಯನ್ನು ಹೆಚ್ಚಿಸುತ್ತೇವೆ ಎನ್ನುವ ಔಷಧಿಗಳು ಇಲ್ಲಿ ಹೊಂದುವುದಿಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಾದರೂ, ನಿಮ್ಮ ತಮ್ಮನ ಸ್ಥಿತಿಯಲ್ಲಿ ವೈದ್ಯರಿಗೆ ತಿಳಿಸದೆ ಅದನ್ನು ಮುಂದುವರಿಸಬೇಡಿ.

ಊಟದ ಪಾತ್ರ ಬೇರೆಯೇ ಇದೆ. ನಾವು ಜೀರ್ಣಿಸಿಕೊಳ್ಳಲಾರದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ಮಾಡುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ, ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ನಿರೋಧಕ ಜೀವಕೋಶಗಳು ಬೆಳೆಯಲೂ ಅದು ನೆರವಾಗುತ್ತದೆ. ತಿಂಗಳುಗಟ್ಟಲೆ ಬರೀ ಗಂಜಿ, ಬ್ರೆಡ್ಡಿನಲ್ಲೇ ಇದ್ದರೆ ಆ ಬ್ಯಾಕ್ಟೀರಿಯಾಗಳೂ ಉಪವಾಸ ಬೀಳುತ್ತವೆ. ರೋಗ ಕೆರಳಿದ್ದಾಗ ಸಿಪ್ಪೆ, ಬೀಜ, ಒರಟು ನಾರು ಬೇಡ, ನಿಜ. ಶಮನವಾಗಿರುವಾಗ ಮಾತ್ರ ಅದೇ ಪಥ್ಯವನ್ನು ಎಳೆದುಕೊಂಡು ಹೋಗುವುದು ತಪ್ಪು.

ಮೊದಲು ರಾಗಿಯನ್ನು ನೆನೆಸಿ, ರುಬ್ಬಿ, ತೆಳುಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲನ್ನು ಕಾಸಿ ಕೊಡಿ. ಒಂದು ವಾರ ಹೊಟ್ಟೆ ತಡೆದುಕೊಂಡರೆ ಚೆನ್ನಾಗಿ ಜರಡಿ ಹಿಡಿದ ಹಿಟ್ಟಿನ ಸಣ್ಣ ಮುದ್ದೆ, ಬೇಯಿಸಿದ ಸೀಮೆಬದನೆ, ಹೆಸರುಬೇಳೆ ತೊವ್ವೆ, ಮಾಗಿದ ಬಾಳೆಹಣ್ಣು. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಎಲುಬನ್ನು ಸವೆಸುವ ಸ್ಟೀರಾಯ್ಡ್ ಔಷಧಿ ತೆಗೆದುಕೊಂಡಿದ್ದರೆ ಎಲುಬಿಗೆ ಅದು ಬೇಕೇ ಬೇಕು. ತೂಕ ಇಳಿದಿರುವುದರಿಂದ ಮೊಟ್ಟೆಯನ್ನೋ ಮೀನನ್ನೋ ಸೇರಿಸಿ, ಹಿಮೋಗ್ಲೋಬಿನ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ.

ಉತ್ತರ 2 (ಹನ್ನೊಂದು ವರ್ಷಗಳಿಂದ ಇದೇ ಕಾಯಿಲೆ ಇರುವವರು)

ತಂಗೀ, ನಾನೂ ಒಂದು ವರ್ಷ ಗಂಜಿಯಲ್ಲೇ ಕಳೆದೆ, ಮೆಟ್ಟಿಲು ಹತ್ತಲೂ ಆಗದಷ್ಟು ಸೊರಗಿದೆ. ದಾರಿ ತೋರಿಸಿದ್ದು ಒಂದು ನೋಟುಪುಸ್ತಕ. ಎಡಕ್ಕೆ ತಿಂದದ್ದು, ಬಲಕ್ಕೆ ಹೊಟ್ಟೆಯ ಸ್ಥಿತಿ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ, ಅದೂ ಮೂರು ದಿನ. ನನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬುತ್ತಿತ್ತು, ಆದರೆ ಚೆನ್ನಾಗಿ ಹೆಪ್ಪಾದ ಮೊಸರು ಹಿಡಿಸಿತು. ಹಸಿ ಈರುಳ್ಳಿ ಇಂದಿಗೂ ಆಗದು. ನಿಮ್ಮ ತಮ್ಮನ ಪಟ್ಟಿ ಬೇರೆಯೇ ಆದೀತು. ಊಟ ಹಿಡಿಸಿತೆಂದು ಮಾತ್ರೆ ಬಿಟ್ಟದ್ದು ನನ್ನ ದೊಡ್ಡ ತಪ್ಪು: ಎರಡೇ ತಿಂಗಳಲ್ಲಿ ರಕ್ತ ಮರಳಿತು.

ಪ್ರಶ್ನೆ ಕೇಳಿದ ಅಕ್ಕ

ಇಬ್ಬರಿಗೂ ತುಂಬ ಧನ್ಯವಾದಗಳು. ಕಷಾಯ ನಿಲ್ಲಿಸಿದ್ದೇವೆ, ರಾಗಿ ನೆನೆಹಾಕಿದ್ದೇವೆ. ಮೊಸರು ಯಾವಾಗ ಶುರು ಮಾಡಬಹುದು?

ಉತ್ತರ 1 (ಆಹಾರತಜ್ಞೆ)

ರಾಗಿ ಹಾಲು ಹಿಡಿಸಿದ ನಂತರ, ಮಧ್ಯಾಹ್ನದ ಮೆತ್ತನೆಯ ಅನ್ನಕ್ಕೆ ಎರಡು ಚಮಚದಿಂದ ಆರಂಭಿಸಿ. ಕಾಯಿಸಿದ ಹಾಲಿನಿಂದ ಮನೆಯಲ್ಲೇ ಹೆಪ್ಪು ಹಾಕಿದ್ದಾಗಿರಲಿ. ರಕ್ತ ಕಂಡರೆ ಅಥವಾ ರಾತ್ರಿ ಎದ್ದು ಶೌಚಕ್ಕೆ ಹೋಗುವಂತಾದರೆ ಊಟದಲ್ಲೇ ಸರಿಪಡಿಸಲು ಕಾಯದೆ ಕೂಡಲೇ ವೈದ್ಯರನ್ನು ಕಾಣಿ.