ನಿಂತ ಪಿಂಚಣಿ, ಬಾರದ ಒಟಿಪಿ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಅಂಚೆ ಇಲಾಖೆಯಿಂದ ನಿವೃತ್ತರಾದ 71 ವರ್ಷದ ಓದುಗರೊಬ್ಬರು ಗ್ರೀನ್ ಕಾರ್ಡ್ ಪಡೆದು ಪತ್ನಿಯೊಂದಿಗೆ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಬದುಕಿದ್ದೇನೆಂದು ಪ್ರತಿ ವರ್ಷ ಬ್ಯಾಂಕಿಗೆ ಕೊಡಬೇಕಾದ ಲೈಫ್ ಸರ್ಟಿಫಿಕೇಟನ್ನು ನವೆಂಬರಿನಲ್ಲಿ ಕೊಡಲಾಗದೆ ಡಿಸೆಂಬರ್ ಪಿಂಚಣಿ ನಿಂತಿದೆ. ಊರಿನ ಸಿಮ್ ಬಂದ್ ಆಗಿರುವುದರಿಂದ ಒಟಿಪಿ ಬರುವುದಿಲ್ಲ, ನೆಟ್ ಬ್ಯಾಂಕಿಂಗ್ ತೆರೆಯುವುದಿಲ್ಲ. ಊರಿನಲ್ಲಿರುವ ತಮ್ಮನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ಸಾಕೇ, ಇಲ್ಲ ಟಿಕೆಟ್ ಮಾಡಿಸಿ ಬರಲೇಬೇಕೇ ಎಂದು ಅವರು ಕೇಳಿದ್ದರು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಮಾನ್ಯರೇ, ಗಾಬರಿಯಾಗಬೇಡಿ. ಪಿಂಚಣಿ ತಡೆಯಾಗಿದೆ, ರದ್ದಾಗಿಲ್ಲ. ಸರ್ಟಿಫಿಕೇಟ್ ಬ್ಯಾಂಕಿನಲ್ಲಿ ದಾಖಲಾದ ಮೇಲೆ ನಿಂತ ತಿಂಗಳುಗಳ ಬಾಕಿಯೂ ಸೇರಿ ಜಮೆಯಾಗುತ್ತದೆ. ಇದೊಂದಕ್ಕಾಗಿ ವಿಮಾನ ಹತ್ತಬೇಕಿಲ್ಲ.

ವಿದೇಶದಲ್ಲಿರುವ ಕೇಂದ್ರ ಸರ್ಕಾರಿ ಪಿಂಚಣಿದಾರರು ಶಾಖೆಗೆ ಖುದ್ದಾಗಿ ಹಾಜರಾಗಬೇಕೆಂಬ ನಿಯಮವಿಲ್ಲ. ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕ್ ಅಧಿಕಾರಿ ಅಥವಾ ಭಾರತದ ರಾಯಭಾರ ಕಚೇರಿಯ ಅಧಿಕಾರಿ ಸಹಿ ಮಾಡಿದ ಸರ್ಟಿಫಿಕೇಟನ್ನು ನೀವು ಅಧಿಕಾರ ಕೊಟ್ಟವರು ಶಾಖೆಗೆ ಒಪ್ಪಿಸಬಹುದು. ನನ್ನನ್ನು ಕೇಳಿದರೆ ಕಾನ್ಸುಲೇಟ್ ಮುದ್ರೆಯೇ ಮೇಲು. ಅಮೆರಿಕದ ನೋಟರಿ ಸಹಿ ಕಂಡರೆ ಅದನ್ನು ಒಪ್ಪಬಹುದೇ ಎಂದು ಮೇಲಿನವರನ್ನು ಕೇಳುತ್ತಾ ವಾರಗಟ್ಟಲೆ ಎಳೆಯುವ ಶಾಖೆಗಳಿವೆ. ನ್ಯೂಜೆರ್ಸಿ ನ್ಯೂಯಾರ್ಕ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಹೋಗುವ ಮೊದಲು ಅವರ ಜಾಲತಾಣದಲ್ಲಿ ದಿನ ಮತ್ತು ಸಮಯ ನೋಡಿಕೊಳ್ಳಿ.

ಹೋಗುವಾಗ ಮೂಲ ಪಾಸ್‌ಪೋರ್ಟ್, ಪಿಪಿಒ (ಪಿಂಚಣಿ ಪಾವತಿ ಆದೇಶ) ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ನಿಮ್ಮ ಬ್ಯಾಂಕಿನದೇ ಲೈಫ್ ಸರ್ಟಿಫಿಕೇಟ್ ಫಾರಂ ಎರಡು ಪ್ರತಿ ಇರಲಿ. ಫಾರಂ ಪೂರ್ತಿ ತುಂಬಿಸಿಕೊಂಡು ಹೋಗಿ, ಸಹಿ ಮಾತ್ರ ಹಾಕಬೇಡಿ. ಅಧಿಕಾರಿಯ ಎದುರಿಗೇ ಹಾಕಬೇಕು. ಪಿಪಿಒ ಸಂಖ್ಯೆಯ ಎಲ್ಲ ಅಂಕಿಗಳೂ ಬಂದಿವೆಯೇ ಎಂದು ನೋಡಿಕೊಳ್ಳಿ. ತಪ್ಪುವುದು ಬಹಳ ಸಲ ಇಲ್ಲೇ: ಒಂದಂಕಿ ಬಿಟ್ಟುಹೋದರೂ ಕಾಗದ ಯಾರ ಕಡತಕ್ಕೂ ಸೇರದೆ ಉಳಿಯುತ್ತದೆ. ಪಿಪಿಒದಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಹೆಸರು ಇದ್ದರೆ ಫಾರಂನಲ್ಲಿ ಪಿಪಿಒದ ಹೆಸರನ್ನೇ ಬರೆದು, ಪಾಸ್‌ಪೋರ್ಟಿನ ಹೆಸರನ್ನು ಪಕ್ಕದಲ್ಲಿ ಸೇರಿಸಿ.

ಮುದ್ರೆ ಬಿದ್ದ ಪ್ರತಿಯನ್ನು ಸ್ಕ್ಯಾನ್ ಮಾಡಿ ಶಾಖೆಗೂ ಬ್ಯಾಂಕಿನ ಕೇಂದ್ರೀಯ ಪಿಂಚಣಿ ವಿಭಾಗಕ್ಕೂ, ಅಂದರೆ ಸಿಪಿಪಿಸಿಗೂ, ಒಂದೇ ಇಮೇಲ್‌ನಲ್ಲಿ ಕಳಿಸಿ. ಮೂಲ ಪ್ರತಿಯನ್ನು ಕೊರಿಯರ್ ಮಾಡಿ ತಮ್ಮನವರ ಕೈಗೆ ತಲುಪಿಸಿ. ಅವರು ಕೌಂಟರಿನಲ್ಲಿ ಕೊಟ್ಟು, ತಾರೀಕು ಸಹಿತ ಸ್ವೀಕೃತಿ ಪಡೆಯದೆ ಬರಬಾರದು. ಪಿಂಚಣಿ ತಡೆ ತೆಗೆಯುವುದು ಸಿಪಿಪಿಸಿ. ಶಾಖೆಯವರು ಅಲ್ಲಿಗೆ ಕಳಿಸಲು ಮರೆತರೆ ಆ ಸ್ವೀಕೃತಿಯೇ ನಿಮಗೆ ಆಧಾರ. ಅನಾರೋಗ್ಯದಿಂದ ಕಾನ್ಸುಲೇಟಿಗೆ ಹೋಗಲಾಗದಿದ್ದರೆ ವೈದ್ಯರ ಪತ್ರ ಲಗತ್ತಿಸಿ ಕಾಗದಗಳನ್ನು ಅಲ್ಲಿಗೆ ಅಂಚೆಯಲ್ಲಿ ಕಳಿಸಲು ಅವಕಾಶವಿದೆ.

ಫೋನಿನಲ್ಲಿ ಮುಖ ತೋರಿಸಿ ಮಾಡುವ ಡಿಜಿಟಲ್ ಲೈಫ್ ಸರ್ಟಿಫಿಕೇಟ್, ಅಂದರೆ ಜೀವನ್ ಪ್ರಮಾಣ್ ಕೂಡ ಒಳ್ಳೆಯ ದಾರಿಯೇ. ಆಧಾರ್ ಫೇಸ್ ಆರ್‌ಡಿ, ಜೀವನ್ ಪ್ರಮಾಣ್ ಎಂಬ ಎರಡು ಆ್ಯಪ್ ಬೇಕು, ಮುಂದಿನ ಕ್ಯಾಮೆರಾ 5 ಮೆಗಾಪಿಕ್ಸೆಲ್‌ಗೆ ಕಡಿಮೆ ಇರಬಾರದು. ಮೊದಲು ಆ್ಯಪ್ ನಡೆಸುವವರ, ಅಂದರೆ ಆಪರೇಟರ್, ಗುರುತು ದೃಢವಾಗಬೇಕು. ಪಿಂಚಣಿದಾರರೇ ಆಪರೇಟರ್ ಆಗಬಹುದು. ಕಿಟಕಿಗೆ ಬೆನ್ನು ಮಾಡಿ ಕೂತರೆ ಮುಖ ಕಪ್ಪಾಗಿ ಬಿದ್ದು ತಿರಸ್ಕಾರವಾಗುತ್ತದೆ. ಬೆಳಕು ಎದುರಿನಿಂದ ಬರಲಿ, ಕನ್ನಡಕ ತೆಗೆಯಿರಿ, ಕೇಳಿದಾಗ ರೆಪ್ಪೆ ಮಿಟುಕಿಸಿ. ಪಿಂಚಣಿ ಕೊಡುವ ಬ್ಯಾಂಕಿನ ಹೆಸರು ಆರಿಸುವಾಗ ಅವಸರ ಬೇಡ. ತಪ್ಪು ಆರಿಸಿದರೆ ಸರ್ಟಿಫಿಕೇಟ್ ಬೇರೆಡೆಗೆ ಹೋಗುತ್ತದೆ. ಸರ್ಟಿಫಿಕೇಟಿನ ಸಂಖ್ಯೆಯಾದ ಪ್ರಮಾಣ್ ಐಡಿ ಬಂದ ಮಾತ್ರಕ್ಕೆ ಬ್ಯಾಂಕ್ ಒಪ್ಪಿತೆಂದು ತಿಳಿಯಬೇಡಿ, ಕೆಲವು ದಿನ ಬಿಟ್ಟು ವಿಚಾರಿಸಿ. ಇದರಲ್ಲೂ ಒಟಿಪಿ ಹಂತವಿದೆ. ಆದ್ದರಿಂದ ಸಿಮ್ ಬಂದ್ ಆಗಿರುವ ಈ ಸಲಕ್ಕೆ ಕಾಗದದ ದಾರಿಯೇ ಬೇಗ ಮುಗಿಯುತ್ತದೆ. ಮುಂದಿನ ವರ್ಷ ನವೆಂಬರ್ ಮೊದಲ ವಾರದಲ್ಲೇ ಮುಗಿಸಿಬಿಡಿ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ.

ದೂರಸಂಪರ್ಕ ಕ್ಷೇತ್ರದ ಓದುಗರು, ಎಡಿಸನ್, ನ್ಯೂಜೆರ್ಸಿ

ನಮಸ್ಕಾರ ಸರ್. ಪಿಂಚಣಿ ಹೇಗೋ ಚಾಲೂ ಆಗುತ್ತದೆ. ಫೋನ್ ನಂಬರ್ ಸರಿಮಾಡಿಕೊಳ್ಳದಿದ್ದರೆ ಮುಂದಿನ ವರ್ಷವೂ ಇದೇ ಪಾಡು. ಇಲ್ಲಿಗೆ ಬರುವ ಹಿರಿಯರು ಮಾತ್ರೆ, ಮೆಂತ್ಯದಹಿಟ್ಟು ಎಲ್ಲ ನೆನಪಿಟ್ಟು ತರುತ್ತಾರೆ, ಸಿಮ್ ವಿಷಯ ಯಾರೂ ಹೇಳಿಕೊಡುವುದಿಲ್ಲ.

ಕರೆ, ಎಸ್ಸೆಮ್ಮೆಸ್, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದರೆ ಪ್ರೀಪೇಯ್ಡ್ ಸಿಮ್ ರದ್ದು ಮಾಡಬಹುದು. ಖಾತೆಯಲ್ಲಿ ಕನಿಷ್ಠ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಮುರಿದುಕೊಂಡು 30 ದಿನ ನಂಬರ್ ಉಳಿಸುವ, ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ವ್ಯವಸ್ಥೆಯೂ ಇದೆ. ಆದರೆ ನಂಬರ್ ಉಳಿಯುವುದೇ ಬೇರೆ, ಒಟಿಪಿ ಬರುವುದೇ ಬೇರೆ. ಒಟಿಪಿ ಬರಬೇಕೆಂದರೆ ಪ್ಲಾನ್ ಚಾಲ್ತಿಯಲ್ಲಿರಬೇಕು, ಅಂತರರಾಷ್ಟ್ರೀಯ ರೋಮಿಂಗ್ ಆನ್ ಆಗಿರಬೇಕು. ರೋಮಿಂಗನ್ನು ಊರಿನಲ್ಲಿರುವಾಗಲೇ ಹಾಕಿಸಿಕೊಂಡು ಬರುವುದು ಕ್ಷೇಮ. ಇಲ್ಲಿ ಇಳಿದ ಮೇಲೆ ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಮಾಡಿ, ಅದಕ್ಕೆ ಬರುವ ಕರೆ ಎತ್ತಬೇಡಿ. ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ, ಕರೆ ಎತ್ತಿದರೆ ನಿಮಿಷದ ಲೆಕ್ಕ ಶುರು.

ಇನ್ನೊಂದು ತೊಡಕು ಪ್ರೀತಿಯಿಂದಲೇ ಬರುತ್ತದೆ. ಮಕ್ಕಳು ಹೊಸ ಐಫೋನ್ ಕೊಡಿಸುತ್ತಾರೆ. 2022ರ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಮಾದರಿಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ, ಎಲ್ಲ ಇ-ಸಿಮ್. ಊರಿನ ಪ್ಲಾಸ್ಟಿಕ್ ಸಿಮ್ ಡಬ್ಬಿಯಲ್ಲಿ ಬಿದ್ದು ಹಾಗೇ ರದ್ದಾಗುತ್ತದೆ. ಹಳೆಯ ಫೋನಿನಲ್ಲೇ ಸಿಮ್ ಬಿಟ್ಟು ಅದನ್ನು ಚಾರ್ಜ್ ಮಾಡಿಡಿ, ಇಲ್ಲವೇ ಹೊರಡುವ ಮೊದಲೇ ಇ-ಸಿಮ್‌ಗೆ ಬದಲಾಯಿಸಿಕೊಳ್ಳಿ. ನಿಮ್ಮ ಶ್ರೀಮತಿಯವರ ಸಿಮ್ ಇನ್ನೂ ಜೀವಂತವಿದ್ದರೆ ಇವತ್ತೇ ರೀಚಾರ್ಜ್ ಮಾಡಿಸಿ.

ರದ್ದಾದ ನಂಬರ್ 90 ದಿನಗಳ ನಂತರ ಬೇರೆಯವರಿಗೆ ಹೋಗಬಹುದು. ಹಾಗಾಗಿ ಬ್ಯಾಂಕಿಗೆ ಕೂಡಲೇ ಲಿಖಿತವಾಗಿ ತಿಳಿಸಿ ಆ ನಂಬರನ್ನು ಖಾತೆಯಿಂದ ತೆಗೆಸಿ. ಇದನ್ನು ಮುಂದಕ್ಕೆ ಹಾಕಬೇಡಿ. ನಿಮ್ಮ ಖಾತೆಯ ಸಂದೇಶಗಳು ಅಪರಿಚಿತರ ಫೋನಿಗೆ ಹೋಗುವುದಕ್ಕಿಂತ ಪಿಂಚಣಿ ಒಂದು ತಿಂಗಳು ತಡವಾಗುವುದು ವಾಸಿ.

ತೆರಿಗೆ ಸಲಹೆಗಾರರು, ಬೆಂಗಳೂರು

ಪತ್ರದಲ್ಲಿ ಹಳೆಯ ಉಳಿತಾಯ ಖಾತೆಯನ್ನೇ ಇಟ್ಟುಕೊಂಡಿದ್ದೇನೆ ಎಂದಿದ್ದೀರಿ. ಆರು ತಿಂಗಳಿಗೆ ಮಕ್ಕಳನ್ನು ನೋಡಿ ವಾಪಸಾಗುವವರು ಖಾತೆ ಮುಟ್ಟಬೇಕಿಲ್ಲ. ನೀವು ಗ್ರೀನ್ ಕಾರ್ಡ್ ಮೇಲೆ ನೆಲೆಸಲು ಹೋದವರು. ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಖಾತೆ ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಆಗಲೇಬೇಕು. ಪಿಂಚಣಿ, ಬಾಡಿಗೆ, ಬಡ್ಡಿ ಎಲ್ಲವೂ ಎನ್‌ಆರ್‌ಒ ಖಾತೆಗೆ ಜಮೆಯಾಗಬಹುದು. ಅದೇ ಅರ್ಜಿಯಲ್ಲಿ ಅಮೆರಿಕದ ಫೋನ್ ನಂಬರ್, ಇಮೇಲ್ ನೋಂದಾಯಿಸಿಕೊಳ್ಳಿ, ಒಟಿಪಿ ತಾಪತ್ರಯ ಅಲ್ಲಿಗೆ ಬಹುಪಾಲು ತೀರುತ್ತದೆ. ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಪ್ಯಾನ್, ಅಲ್ಲಿನ ವಿಳಾಸದ ದಾಖಲೆ, ಇವುಗಳ ದೃಢೀಕೃತ ಪ್ರತಿ ಕೇಳುತ್ತಾರೆ. ಕಾನ್ಸುಲೇಟಿಗೆ ಲೈಫ್ ಸರ್ಟಿಫಿಕೇಟಿಗಾಗಿ ಹೇಗೂ ಹೋಗುತ್ತೀರಿ, ಈ ದೃಢೀಕರಣವೂ ಆ ದಿನವೇ ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಖಾತೆ ಸಂಖ್ಯೆ ಬದಲಾಗುತ್ತದೆಯೇ ಎಂದೂ ಕೇಳಿ. ಬದಲಾದರೆ ಪಿಂಚಣಿ ವಿಭಾಗಕ್ಕೆ ಹೊಸ ಸಂಖ್ಯೆ ತಲುಪಿದ್ದು ಖಚಿತವಾಗುವ ತನಕ ಹಳೆಯದನ್ನು ಮುಚ್ಚಿಸಬೇಡಿ.

ಎನ್‌ಆರ್‌ಒ ಆದಮೇಲೆ ಎಫ್‌ಡಿ ಬಡ್ಡಿಯ ಲೆಕ್ಕ ಬದಲಾಗುತ್ತದೆ, ಇದನ್ನು ಕಂಡೇ ಅನೇಕರು ಖಾತೆ ಬದಲಿಸಲು ಹಿಂಜರಿಯುತ್ತಾರೆ. ಬಡ್ಡಿಯ ಮೊದಲ ರೂಪಾಯಿಯಿಂದಲೇ 31.2% ಟಿಡಿಎಸ್, ಅಂದರೆ ಬ್ಯಾಂಕೇ ಕಡಿದುಕೊಳ್ಳುವ ತೆರಿಗೆ. ತೆರಿಗೆ ಕಡಿಯಬೇಡಿ ಎಂದು ಹಿರಿಯ ನಾಗರಿಕರು ಕೊಡುವ ಘೋಷಣೆ ಭಾರತದ ನಿವಾಸಿಗಳಿಗೆ ಮಾತ್ರ. ಅನಿವಾಸಿಯಾದ ಮೇಲೆ ಅದನ್ನು ಕೊಡಕೂಡದು. ಭಾರತ–ಅಮೆರಿಕ ತೆರಿಗೆ ಒಪ್ಪಂದದಡಿ ಬಡ್ಡಿಯ ಮೇಲಿನ ತೆರಿಗೆಯನ್ನು 15%ಗೆ ಇಳಿಸಿಕೊಳ್ಳಬಹುದು. ಅದಕ್ಕೆ ಅಮೆರಿಕದ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರ ಬೇಕು: ಅಮೆರಿಕದ ತೆರಿಗೆ ಇಲಾಖೆಗೆ ಫಾರಂ 8802 ಹಾಕಿದರೆ ಫಾರಂ 6166 ಬರುತ್ತದೆ. ಅಷ್ಟು ಓಡಾಟ ಬೇಡವೆಂದರೆ ಕಡಿದದ್ದು ಕಡಿಯಲಿ, ಭಾರತದಲ್ಲಿ ಐಟಿಆರ್-2 ರಿಟರ್ನ್ ಸಲ್ಲಿಸಿ ಹೆಚ್ಚುವರಿಯನ್ನು ವಾಪಸು ಪಡೆಯಿರಿ. ಐಟಿಆರ್-1 ಅನಿವಾಸಿಗಳಿಗಲ್ಲ. ಪಿಂಚಣಿಗೆ ಈ 31.2% ಅನ್ವಯಿಸುವುದಿಲ್ಲ, ಅದಕ್ಕೆ ಸ್ಲ್ಯಾಬ್ ಪ್ರಕಾರವೇ ತೆರಿಗೆ. ತೆರಿಗೆ ಕಳೆದ ಪಿಂಚಣಿಯನ್ನು ಅಮೆರಿಕಕ್ಕೆ ತರಿಸಿಕೊಳ್ಳಲು ಅಡ್ಡಿಯಿಲ್ಲ. ಖಾತೆಯಲ್ಲಿರುವ ಇತರ ಹಣಕ್ಕೆ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ.

ಲೆಕ್ಕಪತ್ರ ವೃತ್ತಿಯ ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಅಮೆರಿಕದ ಕಡೆಯ ಮಾತೂ ಸೇರಲಿ. ಗ್ರೀನ್ ಕಾರ್ಡ್ ಇದ್ದವರು ಊರಿನ ಪಿಂಚಣಿ, ಬಡ್ಡಿಯನ್ನು ಇಲ್ಲಿನ ರಿಟರ್ನ್‌ನಲ್ಲೂ ತೋರಿಸಬೇಕು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರಂ 1116ರ ಮೂಲಕ ರಿಯಾಯಿತಿ ಸಿಗುತ್ತದೆ.

ಊರಿನ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ವಿದೇಶಿ ಖಾತೆಗಳ ವಿವರ ಕೊಡುವ ಎಫ್‌ಬಾರ್ ಎಂಬ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು. ಎಫ್‌ಡಿ, ಪತ್ನಿಯೊಂದಿಗಿನ ಜಂಟಿ ಖಾತೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ನಿವೃತ್ತಿಯ ಹಣ ಎಫ್‌ಡಿಯಲ್ಲಿಟ್ಟವರು ಬಹುತೇಕ ಎಲ್ಲರೂ ಈ ಮಿತಿ ದಾಟಿರುತ್ತಾರೆ. ಇದು ತೆರಿಗೆಯಲ್ಲ, ಬರಿಯ ಮಾಹಿತಿ. ಆನ್‌ಲೈನ್‌ನಲ್ಲಿ ಶುಲ್ಕವಿಲ್ಲದೆ ನೀವೇ ತುಂಬಬಹುದು. ಕಡೆಯ ದಿನ ಏಪ್ರಿಲ್ 15, ಅರ್ಜಿ ಹಾಕದೆಯೇ ಅಕ್ಟೋಬರ್ 15ರವರೆಗೆ ಗಡುವು ಸಿಗುತ್ತದೆ. ಪ್ರತಿ ಖಾತೆಯಲ್ಲೂ ವರ್ಷದ ಅತಿ ಹೆಚ್ಚಿನ ಮೊತ್ತ ಎಷ್ಟಿತ್ತೆಂದು ಬರೆಯಬೇಕಾದ್ದರಿಂದ ಡಿಸೆಂಬರ್ ಮುಗಿಯುತ್ತಲೇ ಸ್ಟೇಟ್‌ಮೆಂಟ್ ತರಿಸಿಟ್ಟುಕೊಳ್ಳಿ. ಬಿಟ್ಟರೆ ದಂಡ ಸಾವಿರಾರು ಡಾಲರ್. ಮಗ ತನ್ನ ರಿಟರ್ನ್ ಹಾಕಿದ್ದಾನೆ ಎಂದು ನಿಮ್ಮದು ಆದಂತಾಗುವುದಿಲ್ಲ.

ವಕೀಲರು, ಧಾರವಾಡ

ಪವರ್ ಆಫ್ ಅಟಾರ್ನಿ ಬಗ್ಗೆ ಯಾರೂ ಹೇಳಿಲ್ಲರೀ, ನಾನು ಹೇಳತೇನಿ. ಪಿಂಚಣಿ ಖಾತೆಯನ್ನು ಪವರ್ ಆಫ್ ಅಟಾರ್ನಿ ಮೇಲೆ ಬೇರೆಯವರು ನಡೆಸುವಂತಿಲ್ಲ. ನೀವೇ ಚೆಕ್‌ಬುಕ್ ಇಟ್ಟುಕೊಳ್ಳಲು, ಪ್ರತಿ ತಿಂಗಳು ಇಂತಿಷ್ಟು ಹಣ ಇಂಥ ಖಾತೆಗೆ ಹೋಗಲಿ ಎಂದು ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಡಲು ಅವಕಾಶವಿದೆ. ಲೈಫ್ ಸರ್ಟಿಫಿಕೇಟನ್ನು ತಮ್ಮನವರು ತಲುಪಿಸಲು ಒಂದು ಸಾದಾ ಅಧಿಕಾರ ಪತ್ರ ಸಾಕು.

ಮನೆ ಬಾಡಿಗೆ, ಆಸ್ತಿ ತೆರಿಗೆಯಂಥ ಕೆಲಸಕ್ಕೆ ಪವರ್ ಬೇಕೇ ಬೇಕೆಂದರೆ ಅವಷ್ಟನ್ನೇ ಹೆಸರಿಸಿ ಬರೆಸಿರಿ. ‘ಸಕಲ ಅಧಿಕಾರ’ ಎಂದು ಬರೆದುಕೊಟ್ಟು ಅಣ್ಣ-ತಮ್ಮಂದಿರ ನಡುವೆ ಮನಸ್ತಾಪ ತಂದುಕೊಳ್ಳಬೇಡಿರಿ. ಕಾನ್ಸುಲೇಟಿನಲ್ಲಿ ದೃಢೀಕರಿಸಬಹುದು, ಇಲ್ಲವೇ ನೋಟರಿ ಮಾಡಿಸಿ ನ್ಯೂಜೆರ್ಸಿ ರಾಜ್ಯದ ಖಜಾನೆ ಇಲಾಖೆಯಿಂದ ಬೇರೆ ದೇಶದಲ್ಲೂ ಮಾನ್ಯವಾಗುವ ಅಪೊಸ್ಟಿಲ್ ಮುದ್ರೆ ಹಾಕಿಸಬಹುದು. ಆ ಪತ್ರ ಭಾರತಕ್ಕೆ ಬಂದು ಮುಟ್ಟಿದ ಮೂರು ತಿಂಗಳ ಒಳಗೆ ಇಲ್ಲಿನ ಮುದ್ರಾಂಕ ಶುಲ್ಕ ತುಂಬಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡ ಎಂದು ತಮ್ಮನವರಿಗೆ ಹೇಳಿರಿ, ಪತ್ರ ಮುಟ್ಟಿದ ತಾರೀಕಿಗೆ ಅದೇ ಪುರಾವೆ.